ಮಾಡಬೇಕಾದ ಕೆಲಸಗಳ ಪಟ್ಟಿ ನೂರು ದಾಟಿದೆ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತೆಗೆಯಬೇಕು?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ):
ಎಲ್ಲರಿಗೂ ನಮಸ್ಕಾರ. ಶಾಲೆಯ ಕೆಲಸದ ಜೊತೆಗೆ ಮನೆಯ ವ್ಯವಹಾರಗಳೂ ಬಹುಪಾಲು ನನ್ನ ಮೇಲೆಯೇ ಇವೆ. ಹೊಳೆದದ್ದನ್ನೆಲ್ಲ ಫೋನಿನ ಗೂಗಲ್ ಕೀಪ್‌ನಲ್ಲಿ ಬರೆದಿಡುತ್ತ ಬಂದಿದ್ದರಿಂದ ‘ಉತ್ತರ ಪತ್ರಿಕೆ ತಿದ್ದುವುದು’, ‘ಗ್ಯಾಸ್ ಬುಕ್ ಮಾಡುವುದು’, ‘ಅಪ್ಪನ ಜಮೀನಿನ ಖಾತೆ’, ‘ಅಮ್ಮನ ಜೀವಿತ ಪ್ರಮಾಣಪತ್ರ’, ‘ಸಂಸ್ಕೃತ ಕಲಿಯುವುದು’ ಎಲ್ಲವೂ ಒಂದರ ಕೆಳಗೊಂದು ಸೇರಿಕೊಂಡಿವೆ. ಸಣ್ಣಪುಟ್ಟವು ಮುಗಿಯುತ್ತವೆ, ತಂದೆಯವರು ತೀರಿಕೊಂಡ ಮೇಲೆ ಬರೆದ ಖಾತೆಯ ಸಾಲು ಮಾತ್ರ ಇದ್ದಲ್ಲೇ ಇದೆ. ಬೇರೆ ಆ್ಯಪ್ ಹಿಡಿಯಬೇಕೇ, ಅಥವಾ ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸಬೇಕೇ?

ಉತ್ತರ 1:
ಮೇಡಂ, ಆ್ಯಪ್ ಬದಲಿಸಿದರೆ ಇದೇ ನೂರು ಸಾಲುಗಳು ಅಲ್ಲಿಗೂ ಬರುತ್ತವೆ. ಮೊದಲು ಖಾತೆಯ ಸಾಲನ್ನೇ ನೋಡೋಣ. ಪೌತಿ ಖಾತೆಯೆಂದರೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದೆಂದರೆ, ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಪ್ರತಿ, ಪಹಣಿ, ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ಭೇಟಿ ಎಂದು ಒಂದರ ಬೆನ್ನಿಗೊಂದು ಬರುವ ಹಲವು ಕೆಲಸಗಳು. ಇಷ್ಟನ್ನೂ ಎರಡೇ ಪದಗಳಲ್ಲಿ ಅಡಗಿಸಿಟ್ಟರೆ ಪಟ್ಟಿ ನೋಡಿದಾಗ ಎಲ್ಲಿಂದ ಕೈಹಚ್ಚಬೇಕೆಂದು ತೋಚದೆ ಕಣ್ಣು ಮುಂದಿನ ಸಾಲಿಗೆ ಜಾರುತ್ತದೆ. ಅದನ್ನು ತೆಗೆದು ‘ಮೊದಲನೆಯ ಶನಿವಾರ ಶಾಲೆ ಬಿಟ್ಟ ಮೇಲೆ ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಡುವುದು’ ಎಂದು ಬರೆಯಿರಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆಯಿರುವುದರಿಂದ ವಾರವನ್ನೂ ಹೆಸರಿಸುವುದು ಮುಖ್ಯ. ಉಳಿದ ಹಂತಗಳು ಬೇರೊಂದು ಪುಟದಲ್ಲಿರಲಿ. ಒಂದು ಮುಗಿದ ಮೇಲಷ್ಟೇ ಮುಂದಿನದು ಪಟ್ಟಿಗೆ ಬರಲಿ.

ದಿನಾಂಕವಿರುವ ಕೆಲಸಗಳ ಜಾಗ ಕ್ಯಾಲೆಂಡರ್. ಅಮ್ಮನವರದು ಕೇಂದ್ರ ಸರ್ಕಾರದ ಪಿಂಚಣಿಯಾಗಿದ್ದರೆ ಜೀವಿತ ಪ್ರಮಾಣಪತ್ರವನ್ನು ನವೆಂಬರ್‌ನಲ್ಲಿ ಕೊಡಬೇಕು. 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಪ್ರತಿ ವರ್ಷ ತಾನಾಗಿ ನೆನಪಿಸುವಂತೆ ಒಮ್ಮೆ ನಮೂದಿಸಿಬಿಟ್ಟರೆ ಉಳಿದ ತಿಂಗಳುಗಳಲ್ಲಿ ಆ ಸಾಲು ನಿಮ್ಮನ್ನು ಕಾಡಬೇಕಾಗಿಲ್ಲ.

ಉತ್ತರ 2 (ಮನಶ್ಶಾಸ್ತ್ರದ ವಿದ್ಯಾರ್ಥಿ):
ಮೇಲಿನ ಸಲಹೆಗೆ ಸಂಶೋಧನೆಯ ಬೆಂಬಲವೂ ಇದೆ. ಅರ್ಧಕ್ಕೆ ನಿಂತ ಕೆಲಸಗಳು ಮುಗಿದವುಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಬರೆದರು. ಅನಂತರದ ಎಲ್ಲ ಪ್ರಯೋಗಗಳಲ್ಲೂ ಅದೇ ಫಲಿತಾಂಶ ಬರಲಿಲ್ಲವೆಂಬುದನ್ನೂ ಹೇಳಬೇಕು. ನಿಮಗೆ ಹೆಚ್ಚು ಉಪಯುಕ್ತವಾದದ್ದು 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಪ್ರಕಟಿಸಿದ ಅಧ್ಯಯನ. ಮುಗಿಯದ ಗುರಿಯೊಂದು ಬೇರೆ ಕೆಲಸದ ನಡುವೆ ಮನಸ್ಸಿಗೆ ನುಗ್ಗಿ ತೊಂದರೆ ಕೊಡುವುದನ್ನು ತಡೆಯಲು ಆ ಗುರಿ ಈಡೇರಲೇಬೇಕೆಂದಿಲ್ಲ, ಅದನ್ನು ಹೇಗೆ ಪೂರೈಸುತ್ತೇವೆಂಬ ಖಚಿತವಾದ ಯೋಜನೆಯಿದ್ದರೂ ಸಾಕು ಎಂಬುದನ್ನು ಅವರು ಕಂಡುಕೊಂಡರು. ಶನಿವಾರ, ನಾಡಕಚೇರಿ, ಅರ್ಜಿ ಎಂದು ಬಿಡಿಸಿ ಬರೆದ ಸಾಲು ಅಂಥ ಯೋಜನೆಯೇ.

ಸಂಸ್ಕೃತ ಕಲಿಯುವುದು ಸದ್ಯಕ್ಕೆ ಒಂದು ಆಸೆ. ಅದನ್ನು ಅಳಿಸಬೇಡಿ, ಆದರೆ ಗ್ಯಾಸ್ ಬುಕಿಂಗ್‌ನ ಪಕ್ಕದಲ್ಲಿಟ್ಟು ದಿನವೂ ಬೇಸರಪಟ್ಟುಕೊಳ್ಳಲೂ ಬೇಡಿ. ಆಸೆಗಳಿಗೊಂದು ಪ್ರತ್ಯೇಕ ಪುಟವಿರಲಿ. ಬೇಸಿಗೆ ರಜೆ, ದಸರಾ ರಜೆ ಬಂದಾಗ ಅದನ್ನು ತೆರೆದು ನೋಡಿದರಾಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಅರ್ಜಿ ಕೊಟ್ಟ ಮೇಲೆ ನಾನು ಮಾಡುವುದೇನೂ ಉಳಿಯುವುದಿಲ್ಲ, ಆದರೆ ಕೆಲಸವೂ ಮುಗಿದಿರುವುದಿಲ್ಲ. ಆಗ ಆ ಸಾಲು ಎಲ್ಲಿರಬೇಕು?

ಉತ್ತರ 3 (ನಿವೃತ್ತ ಸರ್ಕಾರಿ ನೌಕರ):
ಅಮ್ಮಾ, ಕಚೇರಿಯಲ್ಲಿ ನಾವು ಮಾಡುತ್ತಿದ್ದುದನ್ನೇ ಹೇಳುತ್ತೇನೆ. ಬೇರೆ ಇಲಾಖೆಯಿಂದ ಉತ್ತರ ಬರಬೇಕಾದ ಕಡತವನ್ನು ಮೇಜಿನಿಂದ ತೆಗೆದು ಬೇರೆ ಇಡುತ್ತಿದ್ದೆವು, ಆದರೆ ನೆನಪೋಲೆ ಬರೆಯಬೇಕಾದ ದಿನವನ್ನು ಅಂದೇ ಗುರುತು ಹಾಕಿಕೊಳ್ಳುತ್ತಿದ್ದೆವು. ನೀವೂ ‘ಬೇರೆಯವರಿಂದ ಬರಬೇಕಾದವು’ ಎಂಬ ಪುಟವೊಂದನ್ನು ಮಾಡಿಕೊಂಡು ಅರ್ಜಿ ಕೊಟ್ಟ ತಾರೀಖು, ಸ್ವೀಕೃತಿ ಸಂಖ್ಯೆ, ವಿಚಾರಿಸಬೇಕಾದ ದಿನ ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ಸ್ವೀಕೃತಿ ಚೀಟಿಯ ಫೋಟೊವನ್ನು ಆ ಟಿಪ್ಪಣಿಗೇ ಸೇರಿಸಿಬಿಟ್ಟರೆ, ಕಚೇರಿಯ ಕಿಟಕಿಯ ಮುಂದೆ ಸಂಖ್ಯೆ ಕೇಳಿದಾಗ ಹುಡುಕಾಡುವ ಪ್ರಮೇಯ ಬರುವುದಿಲ್ಲ.