ಪದ ಬೇಕಾಗಿದೆ: ‘ಇನ್‌ಸಾಲ್ವೆಂಟ್’, ‘ಡಿಸ್ಚಾರ್ಜ್’ (ನಾಳೆ ಅಚ್ಚಿಗೆ)

ಕಲಬುರಗಿಯಿಂದ:

ಸಾಲ ತೀರಿಸಲಾಗದವರು ತಾವೇ ಕೋರ್ಟಿಗೆ ಅರ್ಜಿ ಹಾಕುವುದರ ಬಗ್ಗೆ ಒಂದು ಪ್ರಶ್ನೋತ್ತರ ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ತೊಗರಿಗೆ ಸಾಲ ಮಾಡಿದವರು, ಅಂಗಡಿ ಮುಚ್ಚಿದವರು, ಇನ್ನೊಬ್ಬರಿಗೆ ಜಾಮೀನು ನಿಂತು ಸಿಕ್ಕಿಬಿದ್ದವರು. ಎರಡು ಕಡೆ ನಿಂತುಬಿಟ್ಟಿದ್ದೇನೆ. ‘ಇನ್‌ಸಾಲ್ವೆಂಟ್’ ಎಂದು ಕೋರ್ಟು ಸಾರಿದವನನ್ನು ‘ಪಾಪರ್’ ಅನ್ನಬೇಕೋ ‘ದಿವಾಳಿ’ ಅನ್ನಬೇಕೋ? ಉಳಿದ ಸಾಲದಿಂದ ಬಿಡಿಸಲು ಕೊನೆಗೆ ಕೋರ್ಟು ಕೊಡುವ ‘ಡಿಸ್ಚಾರ್ಜ್’ಗೆ ‘ಋಣಮುಕ್ತಿ’ ಅಂತ ಬರೆದಿದ್ದೇನೆ. ‘ಸಾಲಮನ್ನಾ’ ಅಂದರೆ ಬೇಗ ತಿಳಿಯುತ್ತದೆ ಅಂತ ಜೊತೆಯವರ ವಾದ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು, ದಯವಿಟ್ಟು ಇವತ್ತೇ ಹೇಳಿ.

ಬೀದರದಿಂದ:

ದಿವಾಳಿ. ಇದ್ರಾಗ ಕೇಳೋದೇನದ? ‘ದಿವಾಳಿ ಎದ್ದ’, ‘ದಿವಾಳಿ ತೆಗೆದ’ ಅಂದ್ರ ಪೇಟೆಯೊಳಗ ತಿಳಿಯದವರಿಲ್ಲ. ಮರಾಠಿಯವರ ದಿವಾಳೆ, ಉರ್ದುವಿನ ದಿವಾಲಾ, ನಮ್ಮ ದಿವಾಳಿ ಎಲ್ಲಾ ಒಂದೇ ಬಳ್ಳಿ. ವ್ಯಾಪಾರ ಮುಳುಗಿದ ಸಾವುಕಾರ ಹಾಡಹಗಲೇ ಅಂಗಡಿಯೊಳಗ ದೀಪ ಹಚ್ಚಿ ‘ನನ್ನ ಹತ್ರ ಏನೂ ಉಳಿದಿಲ್ಲ’ ಅಂತ ಊರಿಗೆ ತಿಳಿಸ್ತಿದ್ದ, ಅದಕ್ಕೇ ದಿವಾ, ಅದಕ್ಕೇ ದಿವಾಳಿ ಅಂತ ಹಿರಿಯರು ಹೇಳ್ತಾರ. ಹಬ್ಬದ ದಿವಾಳಿಗೂ ಇದಕ್ಕೂ ನಂಟು ದೀಪದ್ದೇ.

ಮೈಸೂರಿನಿಂದ:

ದೀಪದ ಕತೆ ಕತೆಯಷ್ಟೇ, ಪದದ ಹುಟ್ಟಿಗೆ ಅದು ಆಧಾರವಲ್ಲ. ಕನ್ನಡದ್ದೇ ಬೇರಿನಿಂದ ಕಟ್ಟಬಹುದಾದಾಗ ಎರವಲು ಏಕೆ? ಸಾಲಕ್ಕೆ ‘ಕಡ’ ಎಂಬ ಅಚ್ಚಗನ್ನಡ ಮಾತಿದೆ, ತಮಿಳಿನ ‘ಕಡನ್’ ಅದರ ಒಡಹುಟ್ಟು. ‘ಕಡಗೇಡು’ ಎನ್ನಿ, ಆ ಸ್ಥಿತಿಯಲ್ಲಿರುವವನು ‘ಕಡಗೇಡಿಗ’. ಡಿಸ್ಚಾರ್ಜ್‌ಗೆ ‘ಕಡಬಿಡುವು’. ಒಮ್ಮೆ ಅಚ್ಚಾದರೆ ಬಳಕೆಗೆ ಬಂದೇ ಬರುತ್ತವೆ.

ಬೆಂಗಳೂರಿನಿಂದ:

ದಿವಾಳಿಗೆ ಸಂಬಂಧಿಸಿದ 2016ರ ಕೇಂದ್ರ ಸಂಹಿತೆಯ ಹಿಂದಿ ಹೆಸರಿನಲ್ಲಿ ‘ಶೋಧನ ಅಕ್ಷಮತಾ’ ಎಂದಿದೆ. ಅದನ್ನೇ ತೆಗೆದುಕೊಂಡರೆ ದೇಶಕ್ಕೆಲ್ಲ ಒಂದೇ ಪರಿಭಾಷೆ ಆಗುತ್ತದೆ.

ಯಾದಗಿರಿಯಿಂದ:

ಬೆಂಗಳೂರಿನವರಿಗೆ: ಬೇಡ. ಕನ್ನಡದಲ್ಲಿ ‘ಶೋಧನೆ’ ಅಂದರೆ ಹುಡುಕಾಟ. ‘ಶೋಧನ ಅಕ್ಷಮ’ ಅಂದರೆ ಹುಡುಕಲಾರದವನು. ಆ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ ಕಂಪನಿ ಸಾಲಕ್ಕೆ ಖಾಸಗಿ ಜಾಮೀನು ನಿಂತವರಿಗೆ ಮಾತ್ರ, 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು. ಸಾಮಾನ್ಯ ಸಾಲಗಾರನಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಕರಪತ್ರದಲ್ಲಿ ಎರಡನ್ನೂ ಕಲಸಬೇಡಿ.

ಈಗ ಕಲಬುರಗಿಯವರ ಪ್ರಶ್ನೆ. ‘ಪಾಪರ್’ ಖಂಡಿತ ಬೇಡ. ‘ಪಾಪರ್ ಚೀಟಿ ತಗೊಂಡ’ ಅಂತ ಜನ ದಿವಾಳಿಗೇ ಹೇಳುವುದು ಖರೆ. ಆದರೆ ಕೋರ್ಟಿನಲ್ಲಿ ಪಾಪರ್ ಅಂದರೆ ದಾವೆ ಹೂಡಲು ಕೋರ್ಟ್ ಫೀ ಕಟ್ಟಲಾಗದ ಬಡವ. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ ಅವನಿಗಾಗಿ ಇದೆ, 1976ರ ತಿದ್ದುಪಡಿಯಲ್ಲಿ ಅಲ್ಲಿಂದಲೂ ಆ ಪದ ತೆಗೆದರು. ಅವನು ಹಣ ಕೇಳಲು ಬಂದವನು, ದಿವಾಳಿಯಾದವನು ಕೊಡಲಾಗದೆ ಬಂದವನು. ನಿಮ್ಮ ಕರಪತ್ರ ಹಿಡಿದು ಬಂದವರು ಕೌಂಟರಿನಲ್ಲಿ ‘ಪಾಪರ್ ಅರ್ಜಿ’ ಅಂತ ಕೇಳಿದರೆ ಬೇರೆಯೇ ಅರ್ಜಿ ಕೈಗೆ ಬರುತ್ತದೆ.

‘ಸಾಲಮನ್ನಾ’ ಅದಕ್ಕಿಂತ ಅಪಾಯ. ಮನ್ನಾ ಮಾಡುವುದು ಸರಕಾರ. ಇಲ್ಲಿ ಮನ್ನಾ ಏನೂ ಇಲ್ಲ: ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗುತ್ತದೆ, ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ, ನಡತೆ ವಿಚಾರಿಸಿ ಆಮೇಲೆ ಡಿಸ್ಚಾರ್ಜ್. ಅದು ಸಿಕ್ಕರೂ ಸರಕಾರಕ್ಕೆ ಕೊಡಬೇಕಾದದ್ದು, ಮೋಸದಿಂದ ಆದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಬಿಡುವುದಿಲ್ಲ.

‘ಋಣಮುಕ್ತಿ’ ಕೇಳಲು ಛಲೋ ಅದ. ಆದರೆ 2019ರಲ್ಲಿ ರಾಜ್ಯದ ಋಣ ಪರಿಹಾರ ಕಾಯ್ದೆ ಬಂದಾಗ ಜನ ಅದನ್ನು ಕರೆದದ್ದು ‘ಋಣಮುಕ್ತ ಕಾಯ್ದೆ’ ಅಂತಲೇ. ಭೂಹೀನ ಕೂಲಿಕಾರರು, ಸಣ್ಣ ರೈತರು ಅರ್ಜಿ ಹಿಡಿದು ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ ಹೋದರು. ಮತ್ತೆ ಆ ಪದ ಹಾಕಿದರೆ ಮತ್ತೆ ಅಲ್ಲಿಗೇ ಹೋಗುತ್ತಾರೆ. ಬರೆಯಿರಿ: ‘ದಿವಾಳಿಯಿಂದ ಬಿಡುಗಡೆ’. ಆ ಆದೇಶಕ್ಕೆ ‘ಬಿಡುಗಡೆ ಆದೇಶ’.

ಒಂದು ಮಾತು ಹೆಚ್ಚಿಗೆ. ‘ಆಸ್ತಿ ವಶಕ್ಕೆ’ ಅಂತ ಅಷ್ಟೇ ಬರೆದರೆ ಹೆಣ್ಣುಮಕ್ಕಳು ಮೊದಲು ಹೆದರುತ್ತಾರೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿ, ಬಡಿಗ ಕಂಬಾರರ ಹತಾರ, ಒಕ್ಕಲುತನದ ಎತ್ತು, ಇವು ಜಪ್ತಿಗೆ ಬರುವುದಿಲ್ಲ, ಅದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಇದೆ. ‘ತಾಳಿ’ ಅಂತ ಹೆಸರು ಹಿಡಿದೇ ಹಾಕಿ. ‘ಧಾರ್ಮಿಕ ರೂಢಿಯಂತೆ ತ್ಯಜಿಸಲಾಗದ ಆಭರಣ’ ಅಂದರೆ ಯಾರ ಎದೆಗೂ ತಾಗುವುದಿಲ್ಲ.

ಮೈಸೂರಿನಿಂದ:

ಜಪ್ತಿ, ಕಲಮು, ಖರೆ, ಹತಾರ. ಒಂದು ಉತ್ತರದಲ್ಲಿ ಇಷ್ಟು ಎರವಲು! ಹೀಗೇ ಒಪ್ಪಿಕೊಳ್ಳುತ್ತ ಹೋದರೆ ಕಾನೂನಿನ ಕನ್ನಡ ಎಂದೂ ಕನ್ನಡವಾಗದು.

ಬೀದರದಿಂದ:

ನಿಜಾಮರ ಕಾಲದಾಗ ಇಲ್ಲಿ ಕಚೇರಿ ನಡೆದದ್ದು ಉರ್ದುವಿನಾಗ. ಜಪ್ತಿ, ಜಾಮೀನು, ಫಿರ್ಯಾದಿ ನಮ್ಮ ಅಜ್ಜಂದಿರ ಬಾಯಾಗ ಪಳಗಿದ ಮಾತು. ನಿಮ್ಮ ಕಡೆಯ ಅಮಲ್ದಾರ ಎಲ್ಲಿಂದ ಬಂದ? ನಮ್ಮ ಮಾತು ಮಾತ್ರ ಯಾಕ ಎರವಲು? ‘ಕಡಗೇಡಿಗ’ ಅಂತ ಒಬ್ಬನ ಹೆಸರಿಗೆ ಹಚ್ಚಿ ನೋಡ್ರಿ, ಬೈದಂಗ ಆಗ್ತದ. ಸಾಲದಾಗ ಇದ್ದವಗ ಮೊದಲೇ ಊರ ತುಂಬ ನಾಚಿಕಿ, ಕರಪತ್ರನೂ ಅವನನ್ನ ಕೇಡಿ ಅನ್ನಬೇಕಾ?

ಯಾದಗಿರಿಯಿಂದ:

ಈ ಜಗಳ ಬೇರೆ ಎಳೆಯಲ್ಲಿ ಮಾಡಿ. ಬೀದರದವರ ಕಡೆಯ ಮಾತು ಮಾತ್ರ ಇಲ್ಲಿಗೆ ಸಂಬಂಧಿಸಿದ್ದು. ‘ದಿವಾಳಿಕೋರ’ ಎಂಬ ರೂಪ ಪತ್ರಿಕೆಗಳಲ್ಲಿ ಕಾಣುತ್ತದೆ, ‘ಕೋರ’ ಸೇರಿದೊಡನೆ ಲಂಚಕೋರ, ಚಾಡಿಕೋರರ ಸಾಲಿಗೆ ಹೋಗುತ್ತದೆ. ಅದನ್ನೂ ಬಿಡಿ. ‘ದಿವಾಳಿ ಎಂದು ಸಾರಲ್ಪಟ್ಟ ವ್ಯಕ್ತಿ’ ಬೇಡ, ‘ಕೋರ್ಟು ದಿವಾಳಿ ಎಂದು ಸಾರಿದವರು’ ಸಾಕು.

ಕಲಬುರಗಿಯಿಂದ:

‘ದಿವಾಳಿ’, ‘ಬಿಡುಗಡೆ ಆದೇಶ’ ಹಾಕಿದೆ, ತಾಳಿಯೂ ಸೇರಿತು. ‘ಶಾಸಕನಾಗಬಹುದೇ?’ ಎಂಬ ಪ್ರಶ್ನೆಗೆ ‘ಬಿಡುಗಡೆ ಆಗುವ ತನಕ ಆಗದು, ಸಂವಿಧಾನದ 191ನೇ ವಿಧಿ’ ಎಂದು ಬರೆದಿದ್ದೇನೆ. ರಿಸೀವರ್‌ಗೆ ಏನು ಮಾಡಲಿ?

ಯಾದಗಿರಿಯಿಂದ:

ರಿಸೀವರ್ ಅಂತಲೇ ಇರಲಿ. ಕೋರ್ಟಿನಲ್ಲಿ ಹಾಗೇ ಕೇಳಬೇಕು.