ಮಿಲ್ಟನ್ ಚಂಡಮಾರುತ: ನನ್ನ ಸರಾಸರಿ ಹಾದಿ ದಕ್ಷಿಣಕ್ಕೆ ಜಾರುತ್ತಿದೆ, ಗಾಳಿ ವೇಗವೂ ಕಡಿಮೆ

ಟ್ಯಾಂಪಾ_ವಾಸಿ:
ಎಲ್ಲರಿಗೂ ನಮಸ್ಕಾರ. ನಾವಿರೋದು ಫ್ಲಾರಿಡಾದ ಟ್ಯಾಂಪಾದಲ್ಲಿ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಬಂದಾಗ ಮಕ್ಕಳನ್ನು ಕಟ್ಟಿಕೊಂಡು ಮನೆ ಬಿಟ್ಟು ಹೋಗಿದ್ದೆವು. ಆಗ ಹತ್ತಿದ ಹುಚ್ಚು ಇದು. ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು ಮಿಲ್ಟನ್‌ನ ಹಳೇ ಡೇಟಾ ಮೇಲೆ ಓಡಿಸುತ್ತಿದ್ದೇನೆ. ಎ-ಡೆಕ್ ಫೈಲ್‌ನಿಂದ (ಬೇರೆ ಬೇರೆ ಹವಾಮಾನ ಮಾಡೆಲ್‌ಗಳ ಮುನ್ಸೂಚನೆ ಸಾಲುಸಾಲಾಗಿ ಇರುವ ಫೈಲ್) ಅಕ್ಟೋಬರ್ 7ರ 12 ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಸಾಲುಗಳನ್ನೆಲ್ಲ ತೆಗೆದು ಸರಾಸರಿ ಹಾದಿ ಬಿಡಿಸುತ್ತೇನೆ.

ತೊಂದರೆ ಏನಂದ್ರೆ, ನನ್ನ ಗೆರೆ ಅಮೆರಿಕದ ಹರಿಕೇನ್ ಕೇಂದ್ರದ ಅಧಿಕೃತ ಮುನ್ಸೂಚನೆಗಿಂತ ಬಹಳ ದಕ್ಷಿಣಕ್ಕೆ ಹೋಗುತ್ತದೆ. ಜಿಎಫ್‌ಎಸ್ (ಅಮೆರಿಕದ ಜಾಗತಿಕ ಹವಾಮಾನ ಮಾಡೆಲ್) ಹೇಳುವ ಗಾಳಿ ವೇಗವೂ ನಿಜದ ವೇಗದ ಹತ್ತಿರಕ್ಕೆ ಬರೋದಿಲ್ಲ, ಅದೂ ಶುರುವಿನ ಗಂಟೆಯಲ್ಲೇ. ಅಕ್ಷಾಂಶವನ್ನು 10ರಿಂದ ಭಾಗಿಸಿದ್ದೇನೆ, ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಿದ್ದೇನೆ. ಎಲ್ಲಿ ಎಡವಿದೆ?

ಗಾಳಿಪಟ:
ಸಾಲುಗಳನ್ನು "ಎಲ್ಲ" ತೆಗೆದೆ ಅಂದ್ರಲ್ಲ, ಅಲ್ಲೇ ಇದೆ ಎಡವಟ್ಟು. ಆ ಫೈಲ್‌ನಲ್ಲಿ ಎಕ್ಸ್‌ಟಿಆರ್‌ಪಿ ಅಂತ ಒಂದು ಹೆಸರಿದೆ ನೋಡಿ. ಅದು ಮಾಡೆಲ್ಲೇ ಅಲ್ಲ. ಬಿರುಗಾಳಿ ಈಗ ಹೋಗುತ್ತಿರುವ ದಿಕ್ಕಿನಲ್ಲೇ ಸುಮ್ನೆ ಎಳೆದ ನೇರ ಗೆರೆ. ಅವತ್ತು ಬೆಳಿಗ್ಗೆ ಮಿಲ್ಟನ್ ಆಗ್ನೇಯದ ಕಡೆ, ಯುಕಾಟಾನ್ ತೀರದ ಹತ್ತಿರಕ್ಕೆ ಸರಿಯುತ್ತಿತ್ತು. ಆಮೇಲೆ ತಾನೇ ಈಶಾನ್ಯಕ್ಕೆ ತಿರುಗಿ ಫ್ಲಾರಿಡಾ ಕಡೆ ಬಂದದ್ದು? ಎಕ್ಸ್‌ಟಿಆರ್‌ಪಿಗೆ ಆ ತಿರುವು ಗೊತ್ತೇ ಇಲ್ಲ. ಸಿಎಲ್‌ಪಿ5 ಕೂಡ ಹಳೇ ಬಿರುಗಾಳಿಗಳ ಅಂಕಿಅಂಶ ಅಷ್ಟೇ, ಇವತ್ತಿನ ವಾತಾವರಣ ನೋಡೋದಿಲ್ಲ. ಇವೆರಡೂ ಬೇರೆ ಮಾಡೆಲ್‌ಗಳನ್ನು ಅಳೆಯೋಕೆ ಇಟ್ಟ ತಕ್ಕಡಿಕಲ್ಲು. ತರಕಾರಿ ಜೊತೆ ಕಲ್ಲನ್ನೂ ಸಾರಿಗೆ ಹಾಕಿದ್ದೀರಿ!

ಇನ್ನೊಂದು. ಒಂದೇ ಗಂಟೆಯ ಸಾಲು 34, 50, 64 ನಾಟ್ (1 ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿಯ ವಿಸ್ತಾರಕ್ಕಾಗಿ ಮೂರು ಸಲ ಬರಬಹುದು. ಹೆಚ್ಚುವರಿ ಸಾಲುಗಳನ್ನು ಬಿಡದಿದ್ದರೆ ಕೆಲವು ಮಾಡೆಲ್‌ಗೆ ಮೂರು ಓಟು, ಕೆಲವಕ್ಕೆ ಒಂದು.

ಟ್ಯಾಂಪಾ_ವಾಸಿ:
ಅಯ್ಯೋ, ಮೂರು ಓಟಿನ ವಿಷಯ ಗೊತ್ತೇ ಇರಲಿಲ್ಲ. ಎರಡೂ ಸರಿಮಾಡಿದೆ, ಗೆರೆ ಉತ್ತರಕ್ಕೆ ಬಂತು. ಗಾಳಿ ಮಾತ್ರ ಹಾಗೇ ಇದೆ.

ಸುರತ್ಕಲ್_ಕಡಲು:
ಗಾಳಿಯದು ನಿಮ್ಮ ತಪ್ಪಲ್ಲ. ಜಿಎಫ್‌ಎಸ್‌ನ ಚೌಕಗಳು ಸುಮಾರು 13 ಕಿ.ಮೀ. ಅಗಲ. ಅವತ್ತು ಸಂಜೆ ಮಿಲ್ಟನ್ ಕಣ್ಣಿನ ಅಗಲವೇ ಸುಮಾರು 4 ನಾಟಿಕಲ್ ಮೈಲಿ, ಅಂದ್ರೆ 7 ಕಿ.ಮೀ. ಜೋರು ಗಾಳಿ ಇರೋದು ಆ ಕಣ್ಣಿನ ಗೋಡೆಯಲ್ಲಿ. ದೊಡ್ಡ ಕಣ್ಣಿನ ಜರಡಿಯಲ್ಲಿ ರಾಗಿ ನಿಲ್ಲುತ್ತಾ? ಹಾದಿಗೆ ಇದು ಅಷ್ಟು ಅಡ್ಡಿಯಲ್ಲ, ಬಿರುಗಾಳಿಯನ್ನು ತಳ್ಳೋದು ಸುತ್ತಲಿನ ದೊಡ್ಡ ಗಾಳಿ, ಅದನ್ನು ಜಿಎಫ್‌ಎಸ್ ಚೆನ್ನಾಗಿಯೇ ಹಿಡಿಯುತ್ತದೆ. ಗಾಳಿಯ ಬಲ ತಿಳಿಯೋಕೆ ಬಿರುಗಾಳಿಗೆಂದೇ ಮಾಡಿದ ಎಚ್‌ಎಎಫ್‌ಎಸ್ ಮಾಡೆಲ್ ನೋಡಿ. 2023ರಲ್ಲಿ ಬಳಕೆಗೆ ಬಂತು, ಬಿರುಗಾಳಿಯ ಜೊತೆಗೇ ಚಲಿಸುವ ಅದರ ಒಳಜಾಲದ ಚೌಕಗಳು ಸುಮಾರು 2 ಕಿ.ಮೀ. ಅಗಲ.

ಹಾಗಂತ ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಕ್ಟೋಬರ್ 6ರ ಮಧ್ಯಾಹ್ನ ಮಿಲ್ಟನ್ ಹರಿಕೇನ್ ಆಯಿತು, ಮಾರನೇ ದಿನ ಅದೇ ಹೊತ್ತಿಗೆ 5ನೇ ವರ್ಗ, ಅಂದ್ರೆ ಎಲ್ಲಕ್ಕಿಂತ ಪ್ರಬಲ ವರ್ಗ. 24 ಗಂಟೆಯಲ್ಲಿ 30 ನಾಟ್ ಏರಿದರೇ ಅದಕ್ಕೆ ಕ್ಷಿಪ್ರ ಬಲವರ್ಧನೆ ಅನ್ನುತ್ತಾರೆ. ಇದು ಅದರ ಎರಡು ಪಟ್ಟಿಗಿಂತ ಜಾಸ್ತಿ.

ನಮ್ಮ ಕಡೆಯ ಅಂಕಿ ಜೊತೆ ಹೋಲಿಸುವಾಗಲೂ ಹುಷಾರು. 2021ರ ತೌಕ್ತೆ ಚಂಡಮಾರುತಕ್ಕೆ ನಮ್ಮ ಹವಾಮಾನ ಇಲಾಖೆ ಕೊಟ್ಟದ್ದು 3 ನಿಮಿಷದ ಸರಾಸರಿ ಗಾಳಿ. ಅಮೆರಿಕದವರದ್ದು 1 ನಿಮಿಷದ್ದು, ಹಾಗಾಗಿ ಅವರ ಅಂಕಿ ಸ್ವಲ್ಪ ಮೇಲಿರುತ್ತದೆ.

ಗಾಳಿಪಟ:
ಎವಿಎನ್‌ಒ ಬದಲು ಎವಿಎನ್‌ಐ ಹಾಕಿ ನೋಡಿ. ಎರಡೂ ಜಿಎಫ್‌ಎಸ್ಸೇ, ಎವಿಎನ್‌ಒ ಅಂದ್ರೆ ಅದೇ ಹೊತ್ತಿನ ಓಟ (ಮಾಡೆಲ್ ರನ್). 12 ಯುಟಿಸಿಯ ಓಟ ಮುಗಿಯೋದರೊಳಗೆ 15 ಯುಟಿಸಿಯ ಬುಲೆಟಿನ್ ಹೊರಡಬೇಕು. ಅದಕ್ಕೆ ಮುನ್ಸೂಚಕರು 6 ಗಂಟೆ ಹಳೆಯ ಓಟವನ್ನೇ ಈಗಿನ ಜಾಗಕ್ಕೆ, ಈಗಿನ ಗಾಳಿಗೆ ಸರಿಸಿ ಬಳಸುತ್ತಾರೆ. ಅದೇ ಎವಿಎನ್‌ಐ. ನೀವು ಎವಿಎನ್‌ಒ ಇಟ್ಟು ಅಧಿಕೃತ ಮುನ್ಸೂಚನೆಯನ್ನು ಸೋಲಿಸಿದರೆ, ಅವರ ಕೈಯಲ್ಲಿ ಇಲ್ಲದ ಪ್ರಶ್ನೆಪತ್ರಿಕೆ ನೋಡಿ ಗೆದ್ದ ಹಾಗೆ. ಎರಡನ್ನೂ ಸರಾಸರಿಗೆ ಸೇರಿಸಬೇಡಿ. ನನ್ನ ಕೇಳಿದರೆ ಸ್ವಂತ ಸರಾಸರಿಯೇ ಬೇಡ: ಹಲವು ಮಾಡೆಲ್‌ಗಳ ಸಿದ್ಧ ಸರಾಸರಿಗಳು, ಹಾದಿಗೆ ಟಿವಿಸಿಎನ್, ಗಾಳಿಯ ಬಲಕ್ಕೆ ಐವಿಸಿಎನ್, ಅದೇ ಫೈಲ್‌ನಲ್ಲಿವೆ.

ಟ್ಯಾಂಪಾ_ವಾಸಿ:
ಎವಿಎನ್‌ಐ ಹಾಕಿದೆ. ಶುರುವಿನ ಗಾಳಿ ಸರಿಹೋಯಿತು, ಗೆರೆಯೂ ಅಧಿಕೃತ ಹಾದಿಯ ಪಕ್ಕದಲ್ಲೇ ಬಂತು. ಈಗ ಗೆರೆಯ ಸುತ್ತ ಶಂಕು, ಅಂದ್ರೆ ಬಿರುಗಾಳಿಯ ನಡುಬಿಂದು ಹೋಗಬಹುದಾದ ಪ್ರದೇಶ, ಬಿಡಿಸಿದ್ದೇನೆ. ಇದರ ಹೊರಗಿದ್ದವರು ಬಚಾವ್ ತಾನೇ?

ಸುರತ್ಕಲ್_ಕಡಲು:
ಅಲ್ಲವೇ ಅಲ್ಲ. ಹಿಂದಿನ 5 ವರ್ಷದ ಮುನ್ಸೂಚನೆಗಳ ತಪ್ಪುಗಳಿಂದ ಲೆಕ್ಕ ಹಾಕಿದ್ದು ಅದು. ಬಿರುಗಾಳಿಯ ನಡುಬಿಂದು ಮೂರರಲ್ಲಿ ಎರಡು ಸಲ ಅದರೊಳಗೆ ಇರುತ್ತದೆ, ಅಷ್ಟೇ. ಮಳೆ, ಸಮುದ್ರದ ಉಬ್ಬರ, ಸುಂಟರಗಾಳಿ ಯಾವುದೂ ಅದರಲ್ಲಿಲ್ಲ. ನಿಮ್ಮೂರನ್ನೇ ನೋಡಿ. ಮಿಲ್ಟನ್ ಸ್ವಲ್ಪ ದಕ್ಷಿಣಕ್ಕೆ, ಸರಾಸೋಟಾ ಪಕ್ಕದ ಸಿಯೆಸ್ಟಾ ಕೀ ಹತ್ತಿರ ದಡ ಸೇರಿತು. ಟ್ಯಾಂಪಾ ಕೊಲ್ಲಿಗೆ ಭೂಮಿ ಕಡೆಯಿಂದ ಗಾಳಿ ಬೀಸಿ ನೀರೇ ಹಿಂದೆ ಸರಿಯಿತು. ಉತ್ತರಕ್ಕೆ ದಾಟಿದ್ದರೆ ಅದೇ ನೀರು ಒಳಗೆ ನುಗ್ಗುತ್ತಿತ್ತು. ಎರಡೂ ಹಾದಿ ಒಂದೇ ಶಂಕುವಿನೊಳಗೇ ಕೂರುತ್ತವೆ.

ಟ್ಯಾಂಪಾ_ವಾಸಿ:
ಸರಿ, ಶಂಕುವಿನ ಕೆಳಗೆ ಅದನ್ನು ದಪ್ಪಕ್ಷರದಲ್ಲಿ ಬರೆದಿಡುತ್ತೇನೆ. ಕೊನೇದೊಂದು: ನಿಜವಾದ ಹಾದಿ ಹಾಕಿದರೆ ಅದು ದಡ ಸೇರಿದ್ದು 10ನೇ ತಾರೀಕು ಅಂತ ಬರುತ್ತಿದೆ. ನನಗೆ ಚೆನ್ನಾಗಿ ನೆನಪಿದೆ, 9ರ ರಾತ್ರಿ. ಇದೂ ಬಗ್ಗಾ?

ಗಾಳಿಪಟ:
ಅಲ್ಲ ಸರ್. ನಿಮ್ಮಲ್ಲಿ 9ರ ರಾತ್ರಿ ಎಂಟೂವರೆ ಅಂದ್ರೆ ಯುಟಿಸಿಯಲ್ಲಿ 10ರ 00:30. ಅದನ್ನು ಮುಟ್ಟಬೇಡಿ.