ಗರ್ಭಿಣಿಯರು, ಮೊಬೈಲ್, ವೈ-ಫೈ: ಮೆಡಿಕಲ್ ಫಿಜಿಸಿಸ್ಟ್ ಅವರನ್ನು ಕೇಳಿ

ಪ್ರಶ್ನೆ (ತುಮಕೂರಿನ ಸದಸ್ಯೆ): ನನಗೀಗ ಐದು ತಿಂಗಳು. ವರ್ಕ್ ಫ್ರಮ್ ಹೋಮ್. ವೈ-ಫೈ ರೂಟರ್ ನನ್ನ ಟೇಬಲ್ ಮೇಲೇ ಇದೆ, ಲ್ಯಾಪ್‌ಟಾಪ್ ಒಮ್ಮೊಮ್ಮೆ ತೊಡೆ ಮೇಲೆ. ಅತ್ತೆ ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ನೋಡಿ ಹೆದರಿದ್ದಾರೆ. ಹೊಟ್ಟೆಗೆ ಸುತ್ತಿಕೊಳ್ಳುವ ಆಂಟಿ-ರೇಡಿಯೇಶನ್ ಬಟ್ಟೆ ತರಿಸೋಣ ಅಂತಾರೆ. ತರಿಸಬೇಕಾ?

ಉತ್ತರ: ಬಟ್ಟೆ ಬೇಡ. ರೂಟರನ್ನು ಟೇಬಲ್‌ನಿಂದ ಎತ್ತಿ ಕೋಣೆಯ ಆಚೆ ಬದಿಯ ಕಪಾಟಿನ ಮೇಲಿಡಿ. ಅದು ಖರ್ಚಿಲ್ಲದ ಕೆಲಸ, ಬಟ್ಟೆಗಿಂತ ಜಾಸ್ತಿ ಉಪಯೋಗ.

ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ, ಸಿ.ಟಿ. ಯಂತ್ರಗಳ ವಿಕಿರಣ ಸುರಕ್ಷತೆ ನೋಡಿಕೊಳ್ಳುವವಳು. ‘ರೇಡಿಯೇಶನ್’ ಅಂದ ತಕ್ಷಣ ಎಲ್ಲರೂ ಎಕ್ಸ್-ರೇ ಜೊತೆ ಮೊಬೈಲನ್ನೂ ಸೇರಿಸಿಬಿಡುತ್ತಾರೆ. ಎಕ್ಸ್-ರೇಗೆ ಡಿಎನ್‌ಎ ಕಡಿಯುವಷ್ಟು ಶಕ್ತಿ ಇರುತ್ತದೆ. ಮೊಬೈಲ್, ವೈ-ಫೈ, ಬ್ಲೂಟೂತ್ ಬಿಡುವ ರೇಡಿಯೋ ತರಂಗಕ್ಕೆ ಅದಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಒಂದೇ, ಸ್ವಲ್ಪ ಬಿಸಿ ಮಾಡುವುದು. ಸುರಕ್ಷತೆಯ ಮಿತಿಗಳೆಲ್ಲ ಅದರ ಮೇಲೇ ನಿಂತಿವೆ. ಆ ತರಂಗವೂ ಚರ್ಮ, ಕೊಬ್ಬು, ಸ್ನಾಯು ದಾಟುವಷ್ಟರಲ್ಲಿ ಬಹುಪಾಲು ಹೀರಿ ಹೋಗುತ್ತದೆ.

ಹಾಗಂತ ಮೈಗೆ ಅಂಟಿಸಿಕೊಂಡು ಕೂರಬೇಕಿಲ್ಲ. ದೂರ ಎರಡು ಪಟ್ಟಾದರೆ ತಲುಪುವುದು ನಾಲ್ಕನೇ ಒಂದು ಭಾಗ. ರೂಟರ್ 30 ಸೆಂ.ಮೀ.ನಿಂದ 3 ಮೀಟರ್‌ಗೆ ಹೋದರೆ ನೂರನೇ ಒಂದು ಭಾಗ. ರಾತ್ರಿ ಆಫ್ ಮಾಡಿದರೂ ಸರಿ, ಮಾಡದಿದ್ದರೂ ಸರಿ. ಲ್ಯಾಪ್‌ಟಾಪ್ ಮಾತ್ರ ಮೇಜಿನ ಮೇಲಿರಲಿ. ಅದರ ಅಡಿಯ ಬಿಸಿಗೂ ನಿಮ್ಮ ಬೆನ್ನಿಗೂ ಅದೇ ಒಳ್ಳೆಯದು.

ಬಟ್ಟೆಯ ವಿಷಯ. ಅದರಲ್ಲಿ ಬೆಳ್ಳಿ ಅಥವಾ ತಾಮ್ರದ ಎಳೆ ಇದ್ದರೆ ಮುಂದಿನಿಂದ ಬರುವ ತರಂಗವನ್ನು ತಡೆಯುತ್ತದೆ, ನಿಜ. ಪಕ್ಕದಿಂದ, ಹಿಂದಿನಿಂದ ಬರುವುದನ್ನಲ್ಲ. ಫೋನಿಗೆ ಅಂಟಿಸುವ ಸ್ಟಿಕ್ಕರ್ ಇನ್ನೂ ತಮಾಷೆ. ಅದು ನಿಜಕ್ಕೂ ತರಂಗ ತಡೆದರೆ ಕಾಲ್ ಹೋಗುವುದು ಹೇಗೆ? ಸ್ವಲ್ಪ ತಡೆದರೂ ಫೋನ್ ಟವರ್ ಮುಟ್ಟಲು ಇನ್ನೂ ಜೋರಾಗಿ ಪ್ರಸಾರ ಮಾಡುತ್ತದೆ. ಇಂಥ ರಕ್ಷಾಕವಚಗಳ ಬಗ್ಗೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಕೂಡ ಎಚ್ಚರಿಸಿದೆ. ಅತ್ತೆಯವರಿಗೆ ಆ ದುಡ್ಡಲ್ಲಿ ಸೀಮಂತದ ಸೀರೆ ತೆಗೆದುಕೊಡಿ ಅನ್ನಿ.

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು): ಹೆರಿಗೆಗೆ ತವರಿಗೆ ಬಂದಿದ್ದೇನೆ. ಇಲ್ಲಿ ಟವರ್ ತುಂಬಾ ದೂರ, ಒಂದೇ ಕಡ್ಡಿ ನೆಟ್‌ವರ್ಕ್. ಹಾಗಾದರೆ ನಮಗೆ ರೇಡಿಯೇಶನ್ ಕಡಿಮೆ ಅಲ್ವಾ?

ಉತ್ತರ: ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ನಿಮ್ಮ ಮೈಗೆ ಬೀಳುವುದರಲ್ಲಿ ದೊಡ್ಡ ಪಾಲು ಟವರಿನದ್ದಲ್ಲ, ಕೈಯಲ್ಲಿರುವ ಫೋನಿನದ್ದು. ಟವರ್ ಹತ್ತಿರ ಇದ್ದರೆ ಫೋನ್ ಪಿಸುಗುಟ್ಟಿದರೆ ಸಾಕು, ದೂರ ಇದ್ದರೆ ಕೂಗಬೇಕು. 4ಜಿ ಫೋನ್ ಹೆಚ್ಚೆಂದರೆ ಸುಮಾರು 0.2 ವ್ಯಾಟ್ ಬಿಡುತ್ತದೆ, ಸಿಗ್ನಲ್ ಚೆನ್ನಾಗಿದ್ದಾಗ ಅದರ ಚೂರುಪಾರು ಮಾತ್ರ. ಗುಡ್ಡದ ಮರೆಯಲ್ಲಿ 2ಜಿಗೆ ಇಳಿದರೆ ಬಿಟ್ಟು ಬಿಟ್ಟು 2 ವ್ಯಾಟ್‌ವರೆಗೂ ಏರಬಹುದು. ಒಂದು ಕಡ್ಡಿ ಇರುವ ಜಾಗದಲ್ಲಿ ಬ್ಯಾಟರಿ ಬೇಗ ಖಾಲಿಯಾಗುವುದು, ಫೋನ್ ಬೆಚ್ಚಗಾಗುವುದು ಗಮನಿಸಿದ್ದೀರಲ್ಲ? ಅದಕ್ಕೆ ಇದೂ ಒಂದು ಕಾರಣ.

ಹಾಗಾಗಿ ನಡುಮನೆಯ ಮೂಲೆಯಲ್ಲಿ ಮಲಗಿ ‘ಹಲೋ, ಕೇಳಿಸ್ತಾ ಇದೆಯಾ’ ಅಂತ ಕಿವಿಗೆ ಒತ್ತಿಕೊಂಡು ಮಾತಾಡಬೇಡಿ. ಅಂಗಳದ ತುದಿಗೋ ಜಗುಲಿಗೋ ಬನ್ನಿ, ಸ್ಪೀಕರ್ ಹಾಕಿ, ಇಲ್ಲವೇ ಇಯರ್‌ಫೋನ್ ಬಳಸಿ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ವೈ-ಫೈ ಕಾಲಿಂಗ್’ ಆನ್ ಮಾಡಿ. ಆಗ ಫೋನ್ ದೂರದ ಟವರ್ ಬದಲು ಪಕ್ಕದ ರೂಟರ್ ಜೊತೆ ಮಾತಾಡುತ್ತದೆ, ಕಡಿಮೆ ಶಕ್ತಿಯಲ್ಲಿ. ಎಲ್ಲರೂ ಬೈಯುವ ವೈ-ಫೈ ಇಲ್ಲಿ ನಿಮ್ಮ ಪರವಾಗಿದೆ ನೋಡಿ. ಸಿನಿಮಾ, ಹಾಡು ಮೊದಲೇ ಡೌನ್‌ಲೋಡ್ ಮಾಡಿಕೊಂಡು ಏರೋಪ್ಲೇನ್ ಮೋಡ್‌ನಲ್ಲಿ ನೋಡಿದರೆ ಪ್ರಸಾರವೇ ನಿಂತಿರುತ್ತದೆ. ಆದರೆ ತಿಂಗಳು ತುಂಬಿದ ಮೇಲೆ ಆ ಮೋಡ್ ಆಫ್ ಮಾಡುವುದನ್ನು ಮರೆಯಬೇಡಿ. ನಡುರಾತ್ರಿ ನೋವು ಶುರುವಾದರೆ 108ಕ್ಕೆ ಕರೆ ಹೋಗಬೇಕು.

ಪ್ರಶ್ನೆ: ಮೇಡಂ, ಎಸ್‌ಎಆರ್ ಕಡಿಮೆ ಇರುವ ಫೋನ್ ಕೊಳ್ಳಬೇಕಾ?

ಉತ್ತರ: ಎಸ್‌ಎಆರ್ ಅಂದರೆ ಫೋನಿನ ತರಂಗದಿಂದ ಮೈ ಎಷ್ಟು ಶಕ್ತಿ ಹೀರುತ್ತದೆ ಅನ್ನುವ ಅಳತೆ. *#07# ಒತ್ತಿ, ಹೆಚ್ಚಿನ ಫೋನ್‌ಗಳಲ್ಲಿ ತೋರಿಸುತ್ತದೆ. ಭಾರತದಲ್ಲಿ ಮಿತಿ ಕೆ.ಜಿ.ಗೆ 1.6 ವ್ಯಾಟ್. ಅದು ಫೋನ್ ಗರಿಷ್ಠ ಶಕ್ತಿಯಲ್ಲಿದ್ದಾಗ ಅಳೆದ ಅಂಕಿ, ನಿಮ್ಮ ದಿನನಿತ್ಯದ್ದಲ್ಲ. 0.9ಕ್ಕೂ 1.1ಕ್ಕೂ ತಲೆ ಕೆಡಿಸಿಕೊಂಡು ಹೊಸ ಫೋನ್ ಕೊಳ್ಳಬೇಡಿ.

ಪ್ರಶ್ನೆ: ಪಕ್ಕದ ಮನೆ ತಾರಸಿ ಮೇಲೇ ಟವರ್ ಇದೆ. ಮನೆ ಬದಲಿಸಬೇಕಾ?

ಉತ್ತರ: ಬೇಡ. ಆಂಟೆನಾ ಮುಖ್ಯವಾಗಿ ಅಡ್ಡಕ್ಕೆ, ದೂರಕ್ಕೆ ಪ್ರಸಾರ ಮಾಡುತ್ತದೆ, ನೇರ ಕೆಳಗೆ ಬೀಳುವುದು ಕಡಿಮೆ. 2012ರ ಸೆಪ್ಟೆಂಬರ್‌ನಿಂದ ನಮ್ಮ ದೇಶದ ಟವರ್ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಸಂಶಯ ಇದ್ದರೆ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಅಳತೆಗೆ ಅರ್ಜಿ ಹಾಕಬಹುದು.

ಪ್ರಶ್ನೆ (ನಿವೃತ್ತ ಮೇಷ್ಟ್ರು): ಸುಮ್ನೆ ಎಲ್ಲ ಸರಿ ಅನ್ನುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್ ಪಟ್ಟಿಗೆ ಸೇರಿಸಿದೆಯಲ್ಲ? ಮಕ್ಕಳ ನಡವಳಿಕೆ ಕೆಡುತ್ತದೆ ಅಂತ ಡೆನ್ಮಾರ್ಕ್‌ನಲ್ಲೂ ಬಂದಿತ್ತು.

ಉತ್ತರ: ಎರಡೂ ನಿಜ ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2011ರಲ್ಲಿ ಈ ರೇಡಿಯೋ ತರಂಗವನ್ನು ‘2ಬಿ’ ಗುಂಪಿಗೆ ಸೇರಿಸಿತು, ಅಂದರೆ ‘ಇರಬಹುದು, ಸಾಕ್ಷಿ ಸಾಲದು’. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಡೆನ್ಮಾರ್ಕ್‌ನ 2008ರ ಅಧ್ಯಯನದಲ್ಲಿ ಗರ್ಭಿಣಿಯಾಗಿದ್ದಾಗ ಮೊಬೈಲ್ ಬಳಸಿದ ತಾಯಂದಿರ ಮಕ್ಕಳಲ್ಲಿ ನಡವಳಿಕೆಯ ತೊಂದರೆ ಸ್ವಲ್ಪ ಹೆಚ್ಚು ಕಂಡಿತ್ತು. ಬೇರೆ ಕಾರಣ ಇರಬಹುದು ಅಂತ ಬರೆದವರೇ ಹೇಳಿದ್ದರು. ಆಮೇಲೆ 2017ರಲ್ಲಿ ನಾರ್ವೆಯಲ್ಲಿ 45 ಸಾವಿರಕ್ಕೂ ಹೆಚ್ಚು ತಾಯಿ-ಮಕ್ಕಳನ್ನು ನೋಡಿದಾಗ, ಫೋನ್ ಬಳಸಿದವರ ಮಕ್ಕಳೇ ಮೂರನೇ ವರ್ಷಕ್ಕೆ ಮಾತಿನಲ್ಲಿ ಕೊಂಚ ಮುಂದಿದ್ದರು! ಅದರಿಂದ ಫೋನ್ ಒಳ್ಳೆಯದು ಅಂತಲೂ ಆಗುವುದಿಲ್ಲ. ಜಾಸ್ತಿ ಮಾತಾಡುವ ಅಮ್ಮನ ಮಗು ಜಾಸ್ತಿ ಮಾತು ಕೇಳಿರಬಹುದು. ಹಾನಿ ಸಾಬೀತಾಗಿಲ್ಲ. ಆದರೂ ದೂರ ಇಡುವುದಕ್ಕೆ ಖರ್ಚಿಲ್ಲ, ಹಾಗಾಗಿ ಇಡಿ ಅನ್ನುತ್ತೇನೆ. ಫ್ರಾನ್ಸ್‌ನಲ್ಲಿ ಫೋನ್ ಜೊತೆಯ ಸೂಚನೆಯಲ್ಲೇ ಗರ್ಭಿಣಿಯರು ಹೊಟ್ಟೆಯಿಂದ ದೂರ ಇಡಬೇಕು ಅಂತ ಬರೆಯಬೇಕು. ಮಲಗಿ ರೀಲ್ಸ್ ನೋಡುತ್ತಾ ಫೋನನ್ನು ಹೊಟ್ಟೆ ಮೇಲೇ ನಿಲ್ಲಿಸಿಕೊಳ್ಳುತ್ತಾರಲ್ಲ, ಅದನ್ನು ದಿಂಬಿಗೆ ಒರಗಿಸಿ.

ಪ್ರಶ್ನೆ: ಇಂಡಕ್ಷನ್ ಸ್ಟವ್?

ಉತ್ತರ: ಅಡುಗೆ ಮಾಡಿ. ಹೊಟ್ಟೆ ಅಂಚಿಗೆ ತಾಗದಂತೆ ಒಂದು ಗೇಣು ಹಿಂದೆ ನಿಲ್ಲಿ. ಪಾತ್ರೆ ವೃತ್ತದ ನಟ್ಟನಡುವೆ, ವೃತ್ತ ಪೂರ್ತಿ ಮುಚ್ಚುವಂತಿರಲಿ. ಕಾಫಿಯ ಪುಟ್ಟ ಪಾತ್ರೆ ಇಟ್ಟರೆ ಸ್ಟವ್‌ನ ಕಾಂತಕ್ಷೇತ್ರ ಅಕ್ಕಪಕ್ಕ ಸೋರುವುದು ಜಾಸ್ತಿ. ಸೌದೆ ಒಲೆಯ ಹೊಗೆಗೆ ಹೋಲಿಸಿದರೆ ಇಂಡಕ್ಷನ್ ಎಷ್ಟೋ ವಾಸಿ. ಆ ಹೊಗೆ ಮಗುವಿನ ತೂಕ ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ.

ಪ್ರಶ್ನೆ (ತುಮಕೂರಿನ ಸದಸ್ಯೆ): ಕೊನೆಯದು. ಸ್ಕ್ಯಾನಿಂಗ್ ಕೂಡ ರೇಡಿಯೇಶನ್ ಅಲ್ವಾ? ಅತ್ತೆ ಅದಕ್ಕೂ ಬೇಡ ಅಂತಾರೆ.

ಉತ್ತರ: ಅಲ್ಲ, ಅಲ್ಟ್ರಾಸೌಂಡ್ ಶಬ್ದದ ಅಲೆ. ವೈದ್ಯರು ಬರೆದ ಸ್ಕ್ಯಾನ್ ತಪ್ಪಿಸಬೇಡಿ. ಎಚ್ಚರ ಬೇಕಿರುವುದು ಎಕ್ಸ್-ರೇ, ಸಿ.ಟಿ. ವಿಷಯದಲ್ಲಿ. ಹಲ್ಲಿನ ಡಾಕ್ಟರೇ ಆಗಲಿ, ಕಾಲು ಉಳುಕಿ ಹೋಗಿದ್ದೇ ಆಗಲಿ, ಕೋಣೆ ಒಳಗೆ ಹೋಗುವ ಮೊದಲೇ ‘ನಾನು ಗರ್ಭಿಣಿ’ ಅಂತ ಹೇಳಿ. ಮುಟ್ಟು ತಪ್ಪಿ ಬರೀ ಅನುಮಾನ ಇದ್ದರೂ ಹೇಳಿ. ಅಗತ್ಯ ಇದ್ದರೆ ಡೋಸ್ ಲೆಕ್ಕ ಹಾಕಿಯೇ ತೆಗೆಯುತ್ತಾರೆ, ಇಲ್ಲದಿದ್ದರೆ ಹೆರಿಗೆ ಆಗುವವರೆಗೆ ಮುಂದೂಡುತ್ತಾರೆ.